ನಿದ್ದೆ ಬಾರದ ರಾತ್ರಿಗಳು

ಅಫೀಮು, ಬ್ರೌನ್ ಶುಗರ್, ಕೊಡೀನ್ ಬೆರೆತ ಕೆಮ್ಮಿನ ಔಷಧ, ಟ್ರಮಡಾಲ್ ಗುಳಿಗೆ – ಇವುಗಳ ಚಟ ಮನೆಯೊಳಗೆ ಬಂದರೆ ನಾವು ಮೊದಲು ಮುಚ್ಚಿಡುತ್ತೇವೆ. ಕೊನೆಗೆ ಧೈರ್ಯಮಾಡಿ ವೈದ್ಯರಲ್ಲಿಗೆ ಹೋದರೆ, ನಾಲಿಗೆಯ ಕೆಳಗಿಡುವ ಬುಪ್ರೆನಾರ್ಫಿನ್ ಗುಳಿಗೆ ಕೊಡಬಹುದು. ಚಟ ಹಿಡಿತಕ್ಕೆ ಬರುತ್ತದೆ. ನಿದ್ದೆ ಮಾತ್ರ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಸರಿಹೋಗದು.

ಇಲ್ಲಿಯೇ ನಾವು ಎರಡು ತಪ್ಪು ಮಾಡುತ್ತೇವೆ. ಗುಳಿಗೆಯಿಂದಲೇ ನಿದ್ದೆ ಕೆಟ್ಟಿತೆಂದು ಅದನ್ನು ನಿಲ್ಲಿಸುವುದು ಒಂದು. ಆಗ ಚಟ ಮರುಕಳಿಸಬಹುದು. ಬಿಟ್ಟ ಮೇಲೆ ಹಳೆಯ ಪ್ರಮಾಣದಲ್ಲೇ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ. ಪರಿಚಯದ ಔಷಧ ಅಂಗಡಿಯಿಂದ ಆಲ್ಪ್ರಜೋಲಂನಂಥ ಗುಳಿಗೆ ತಂದು ಕೊಡುವುದು ಇನ್ನೊಂದು. ಎರಡೂ ಕೂಡಿದರೆ ಉಸಿರಾಟ ಕುಗ್ಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2016ರಲ್ಲಿಯೇ ಎಚ್ಚರಿಸಿದೆ. ಮದ್ಯವೂ ಅಷ್ಟೇ ಅಪಾಯ.

ಮಾಡಬೇಕಾದುದು ಸರಳ. ರಾತ್ರಿ ಎಷ್ಟು ಹೊತ್ತಿಗೆ ನಿದ್ದೆ ಹತ್ತಿದರೂ ಬೆಳಿಗ್ಗೆ ಏಳುವ ವೇಳೆ ಒಂದೇ ಇರಲಿ. ಹಗಲು ಅಂಗಡಿಯ ಗಾದಿಯ ಮೇಲೆ ಮಲಗುವುದು ಬೇಡ. ಮಧ್ಯಾಹ್ನದ ನಂತರ ಚಹಾ, ಕಾಫಿ ಬೇಡ. ಸುಮಾರು 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಕುಳಿತಿದ್ದು, ಕಣ್ಣು ಎಳೆದಾಗ ಮಲಗಲಿ. ಜೋರು ಗೊರಕೆಯಿದ್ದರೆ, ನಿದ್ದೆಯಲ್ಲಿ ಉಸಿರು ನಿಂತು ನಿಂತು ಬಂದರೆ ತಡಮಾಡದೆ ವೈದ್ಯರಿಗೆ ಹೇಳೋಣ. ಗುಳಿಗೆಯ ವೇಳೆ, ಪ್ರಮಾಣ ಬದಲಿಸುವುದೂ ಅವರ ಕೆಲಸವೇ, ನಮ್ಮದಲ್ಲ.

ನಡುರಾತ್ರಿ ಮಗನ ಕೋಣೆಯಲ್ಲಿ ದೀಪ ಉರಿಯುತ್ತಿದ್ದರೆ ಸಂಶಯಪಟ್ಟು ಗದರಿಸುವುದು ಬೇಡ. ಗುಣವಾಗುವ ದಾರಿಯಲ್ಲಿ ಇಂಥ ರಾತ್ರಿಗಳೂ ಬರುತ್ತವೆ. "ಬೇಸರ ಮಾಡಿಕೊಳ್ಳಬೇಡಪ್ಪಾ, ನಾಳೆ ಇಬ್ಬರೂ ಹೋಗಿ ಡಾಕ್ಟರರನ್ನು ಕೇಳೋಣ" ಎಂದರೆ ಸಾಕು.