ಗರ್ಭಕೋಶ ತೆಗೆಸಿದರೆ ತಲೆನೋವು ಹೋದೀತೆ?

"ಮಕ್ಕಳಾದ ಮೇಲೆ ಗರ್ಭಕೋಶವೇತಕ್ಕೆ? ತೆಗೆಸಿಬಿಟ್ಟರೆ ತಿಂಗಳ ಕಾಟವೂ ಇಲ್ಲ, ತಲೆನೋವೂ ಇಲ್ಲ." ನಮ್ಮ ಬಂಧುವರ್ಗದಲ್ಲಿ ಈ ಮಾತು ಆಗಾಗ ಕಿವಿಗೆ ಬೀಳುತ್ತದೆ. ನಾನು ವೈದ್ಯೆಯಲ್ಲ, ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿದವಳು. ಆದರೆ ನನ್ನ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ನಲವತ್ತರ ಆಸುಪಾಸಿನಲ್ಲಿರುವುದರಿಂದ ಇದನ್ನು ಬರೆಯಲೇಬೇಕೆನಿಸಿತು.

ಅರೆತಲೆನೋವು, ಅಂದರೆ ಮೈಗ್ರೇನ್, ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಅನೇಕರಿಗೆ ಅದು ಮುಟ್ಟಿನ ದಿನಗಳಲ್ಲಿಯೇ ಬರುವುದರಿಂದ ದೋಷವನ್ನು ಗರ್ಭಕೋಶದ ಮೇಲೆ ಹೊರಿಸುತ್ತಾರೆ. ಗರ್ಭಕೋಶ ಇಲ್ಲಿ ನಿರಪರಾಧಿ. ಅಂಡಾಶಯಗಳು ಸ್ರವಿಸುವ ಈಸ್ಟ್ರೋಜೆನ್ ಮುಟ್ಟಿಗೆ ಮುನ್ನ ಇಳಿಯುತ್ತದೆ. ಆ ಇಳಿತವೇ ನೋವನ್ನು ಕೆರಳಿಸುತ್ತದೆ. ಅಂಡಾಶಯಗಳನ್ನು ಉಳಿಸಿ ಗರ್ಭಕೋಶವನ್ನಷ್ಟೇ ತೆಗೆದರೆ ಸ್ರಾವ ನಿಂತೀತು, ಹಾರ್ಮೋನಿನ ಏರಿಳಿತ ನಿಲ್ಲದು. ತಲೆನೋವು ಮುಂದುವರಿಯಬಹುದು.

ಎರಡೂ ಅಂಡಾಶಯಗಳನ್ನು ತೆಗೆದರೆ ಸ್ಥಿತಿ ಇನ್ನೂ ಬೇರೆ. ಸಹಜ ಋತುಬಂಧದಲ್ಲಿ ದೇಹವು ಕೆಲವು ವರ್ಷಗಳ ಕಾಲ ಒಂದೊಂದೇ ಮೆಟ್ಟಿಲಿಳಿಯುತ್ತದೆ; ಶಸ್ತ್ರಚಿಕಿತ್ಸೆಯಿಂದಾದ ಋತುಬಂಧ ಮಾಳಿಗೆಯಿಂದ ಅಂಗಳಕ್ಕೆ ಬಿದ್ದಂತೆ. 1993ರಲ್ಲಿ ಪ್ರಕಟವಾದ ಇಟಲಿಯ ಒಂದು ಅಧ್ಯಯನದಲ್ಲಿ, ಸಹಜವಾಗಿ ಮುಟ್ಟು ನಿಂತವರಲ್ಲಿ ಮೂರರಲ್ಲಿ ಎರಡು ಪಾಲು ಮಂದಿಗೆ ಮೈಗ್ರೇನ್ ಹಗುರಾಗಿತ್ತು. ಶಸ್ತ್ರಚಿಕಿತ್ಸೆಯಿಂದ ನಿಂತವರಲ್ಲಿ ಅಷ್ಟೇ ಪಾಲು ಮಂದಿಗೆ ಉಲ್ಬಣಿಸಿತ್ತು. ಅಧ್ಯಯನ ಚಿಕ್ಕದು, ಎಲ್ಲರ ದೇಹವೂ ಒಂದೇ ಅಲ್ಲ. ಆದರೂ ತಲೆನೋವಿನ ಪರಿಹಾರಕ್ಕೆಂದು ಅಂಗವನ್ನೇ ತೆಗೆಸುವುದು ವಿವೇಕವಲ್ಲವೆಂಬುದಕ್ಕೆ ಅಷ್ಟು ಸಾಕು.

ಶಸ್ತ್ರಚಿಕಿತ್ಸೆಯೇ ಬೇಡವೆಂದು ನನ್ನ ವಾದವಲ್ಲ. ಕ್ಯಾನ್ಸರ್ ಇದ್ದಾಗ, ಔಷಧಕ್ಕೆ ಬಗ್ಗದ ರಕ್ತಸ್ರಾವವಿದ್ದಾಗ ಅದು ಅನಿವಾರ್ಯವಾಗಬಹುದು. ಹಾಗೆ ಅಂಡಾಶಯ ಕಳೆದುಕೊಂಡವರಲ್ಲಿ ಸೂಕ್ತರಾದವರಿಗೆ ವೈದ್ಯರು ಈಸ್ಟ್ರೋಜೆನ್ ಕೊಡುವುದುಂಟು. ಮೈಗ್ರೇನ್ ಇರುವವರಿಗೆ ಗುಳಿಗೆಗಿಂತ, ಒಂದೇ ಸಮನೆ ಹಾರ್ಮೋನು ಒದಗಿಸುವ, ಚರ್ಮಕ್ಕೆ ಅಂಟಿಸುವ ಪಟ್ಟಿ ಮೇಲೆನ್ನುತ್ತಾರೆ.

ನಾನು ವಿರೋಧಿಸುವುದು ಆತುರವನ್ನು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯಲು ಕೇಂದ್ರವು 2022ರಲ್ಲಿ ರೂಪಿಸಿದ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಿರೆಂದು ಸುಪ್ರೀಂ ಕೋರ್ಟು 2023ರಲ್ಲಿ ರಾಜ್ಯಗಳಿಗೆ ನಿರ್ದೇಶಿಸಬೇಕಾಯಿತೆಂದರೆ ಪರಿಸ್ಥಿತಿಯನ್ನು ಊಹಿಸಬಹುದು.

ಆದ್ದರಿಂದ, ಮಕ್ಕಳೇ, ತಲೆನೋವು ಬಂದ ದಿನವನ್ನೂ ಮುಟ್ಟಿನ ದಿನವನ್ನೂ ಮೂರು ತಿಂಗಳು ಬರೆದಿಡಿ. ಆಪರೇಷನ್ನಿನ ಮಾತು ಬಂದರೆ, "ಏಕೆ? ಅಂಡಾಶಯಗಳನ್ನೂ ತೆಗೆಯುತ್ತೀರಾ? ಬೇರೆ ದಾರಿಯಿಲ್ಲವೇ?" ಎಂದು ಸಂಕೋಚಪಡದೆ ಕೇಳಿ. ತರಗತಿಯಲ್ಲಿ ಪ್ರಶ್ನೆ ಕೇಳಲು ನಾಚುತ್ತಿದ್ದವರಿಗೂ ಇಲ್ಲಿ ಆ ನಾಚಿಕೆ ಬೇಡ.