ಮಂಗನ ಮೇಲೇಕೆ ತಪ್ಪು?

ನಮ್ಮ ಮಲೆನಾಡಿನಲ್ಲಿ ‘ಮಂಗನ ಕಾಯಿಲೆ’ ಅಂತ ಒಂದು ಜ್ವರವಿದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗರೂ ಜ್ವರದಿಂದ ಮಲಗಿದರು. ಆಗ ಅದರ ವೈರಸ್ ಪತ್ತೆಯಾಯಿತು. ನನ್ನ ತಕರಾರು ಈ ಹೆಸರಿನ ಬಗ್ಗೆಯೇ. ರೋಗಕ್ಕೆ ಮಂಗನ ಹೆಸರಿಟ್ಟ ಕೂಡಲೇ ತಪ್ಪೆಲ್ಲ ಮಂಗನದೇ ಅನ್ನಿಸಿಬಿಡುತ್ತದೆ.

ನಿಜಕ್ಕೂ ನಡೆಯುವುದೇನು? ರೋಗ ಹರಡುವುದು ಉಣುಗು. ಮಂಗನ ಮೈಯಲ್ಲಿ ವೈರಸ್ ಬಹಳ ಬೇಗ ಬೆಳೆಯುತ್ತದೆ. ಅದರ ರಕ್ತ ಹೀರಿದ ಉಣುಗುಗಳಿಗೂ ಸೋಂಕು ತಗಲುತ್ತದೆ. ಮಂಗ ಸತ್ತು ಬಿದ್ದಾಗ ಅವೆಲ್ಲ ಅಲ್ಲೇ ತರಗೆಲೆಗಳ ಮೇಲೆ ಉದುರುತ್ತವೆ. ಆಮೇಲೆ ಸೊಪ್ಪಿಗೋ ಸೌದೆಗೋ ಹೋದವರನ್ನು ಕಚ್ಚುತ್ತವೆ. ಹಾಗಾಗಿ ಮಂಗ ಪೂರ್ತಿ ನಿರಪರಾಧಿಯೇನಲ್ಲ. ಆದರೆ ಈ ಕಾಯಿಲೆಗೆ ಮೊದಲು ಬಲಿಯಾಗುವುದೂ ಅದೇ.

ಇನ್ನು ಉಣುಗು ಹೆಚ್ಚುವುದು ಯಾರಿಂದ? ಬೆಳೆದ ಉಣುಗಿಗೆ ದೊಡ್ಡ ಪ್ರಾಣಿಯ ರಕ್ತ ಬೇಕು. ಕಾಡಂಚಿನಲ್ಲಿ ಅದಕ್ಕೆ ಸುಲಭವಾಗಿ ಸಿಗುವುದು ನಾವೇ ಮೇಯಲು ಬಿಟ್ಟ ದನ. ಮರಿ ಉಣುಗುಗಳಿಗೆ ಇಲಿ, ಸುಂಡಿಲಿ, ಅಳಿಲುಗಳಿವೆ. ಕಾಡು ಕಡಿದು ಗದ್ದೆ, ತೋಟ ಮಾಡಿ, ಉಳಿದ ಅಂಚಿನಲ್ಲಿ ದನ ಮೇಯಿಸಿದ್ದು ಮಂಗ ಅಲ್ವಲ್ಲ!

ನಾವೀಗ ಓದುತ್ತಿರುವ ಅಮೆರಿಕದಲ್ಲೂ ಇದೇ ಥರದ ಕಥೆ. ಇಲ್ಲಿ ಲೈಮ್ ಕಾಯಿಲೆಗೆ ವರ್ಷಕ್ಕೆ ಸುಮಾರು 4,76,000 ಜನ ಚಿಕಿತ್ಸೆ ಪಡೆಯುತ್ತಾರೆ ಎಂದು ಸಿಡಿಸಿ ಅಂದಾಜು ಮಾಡಿದೆ. ಜನ ಬೈಯುವುದು ಜಿಂಕೆಯನ್ನು. ಜಿಂಕೆ ಬೆಳೆದ ಉಣುಗನ್ನು ಸಾಕುತ್ತದೆ ನಿಜ, ಆದರೆ ಅದರಿಂದ ಉಣುಗಿಗೆ ರೋಗಾಣು ಅಂಟುವುದಿಲ್ಲ. ಅಂಟಿಸುವುದರಲ್ಲಿ ಬಿಳಿಗಾಲಿನ ಇಲಿಯದೇ ದೊಡ್ಡ ಪಾಲು. ನ್ಯೂಯಾರ್ಕ್ ರಾಜ್ಯದ ಕಾಡುಗಳಲ್ಲಿ ಓಕ್ ಕಾಯಿ ಹೇರಳವಾಗಿ ಬಿಟ್ಟರೆ ಮರುವರ್ಷ ಇಲಿ ಹೆಚ್ಚುತ್ತವೆ, ಅದರ ಮರುವರ್ಷ ಸೋಂಕಿನ ಉಣುಗು ಹೆಚ್ಚುತ್ತವೆ ಎಂದು ಸಂಶೋಧಕರು ತೋರಿಸಿದ್ದಾರೆ.

‘ಹಾಗಾದ್ರೆ ಪ್ರಾಣಿಗಳನ್ನೇ ತೆಗೆದುಬಿಟ್ಟರೆ?’ ಅಂತ ಕೇಳುವವರಿದ್ದಾರೆ. ಮೇನ್ ರಾಜ್ಯದ ಮೊನ್ಹೇಗನ್ ದ್ವೀಪದಲ್ಲಿ 1990ರ ದಶಕದ ಕೊನೆಗೆ ಜಿಂಕೆಗಳನ್ನೆಲ್ಲ ತೆಗೆದರು, ಉಣುಗು ನಿಜಕ್ಕೂ ಇಳಿಯಿತು. ಆದರೆ ಅದು ಸುತ್ತ ಸಮುದ್ರವಿರುವ ಪುಟ್ಟ ದ್ವೀಪ. ಮಲೆನಾಡು ದ್ವೀಪವಲ್ಲ. ಅಲ್ಲಿ ಮಂಗನನ್ನು ಓಡಿಸಿದರೆ ಅದು ಪಕ್ಕದ ಊರಿಗೆ ಹೋಗುತ್ತದೆ, ದನ ಮತ್ತು ಇಲಿ ಅಲ್ಲೇ ಇರುತ್ತವೆ.

ನನ್ನ ಪ್ರಕಾರ ಸತ್ತ ಮಂಗವನ್ನು ಊರಿಗೆ ಬಂದ ಎಚ್ಚರಿಕೆ ಅಂತ ನೋಡಬೇಕು. ‘ಮಂಗನ ಪೀಡೆ ತೊಲಗಿತು’ ಅಂತ ಸುಮ್ಮನಾದರೆ ಮುಂದಿನ ಸರದಿ ಕೂಲಿಗೆ, ಸೌದೆಗೆ ಕಾಡಿಗೆ ಹೋಗುವ ಬಡವರದು. ಹಳೆಯ ಲಸಿಕೆ ಸಾಕಷ್ಟು ಫಲ ಕೊಡದೆ ನಿಂತುಹೋಗಿದೆ, ನಿರ್ದಿಷ್ಟ ಔಷಧಿಯೂ ಇಲ್ಲ. ಹಾಗಿರುವಾಗ ಬೇಗ ಸಿಗುವ ಸುದ್ದಿಯೇ ದೊಡ್ಡ ರಕ್ಷಣೆ.

ಉಣುಗು ಹೆಚ್ಚು ಕಚ್ಚುವುದು ಡಿಸೆಂಬರಿನಿಂದ ಮೇ ತನಕ. ನಾವು ರಜೆಗೆ ಊರಿಗೆ ಹೋಗುವುದೂ ಹೆಚ್ಚಾಗಿ ಆಗಲೇ. ಮನೆಗೆ ಫೋನ್ ಮಾಡಿದಾಗ ಒಂದು ಮಾತು ಹೇಳಿ: ಸತ್ತ ಮಂಗ ಕಂಡರೆ ಮುಟ್ಟಬೇಡಿ, ಹತ್ತಿರವೂ ಹೋಗಬೇಡಿ, ತಕ್ಷಣ ಆರೋಗ್ಯ ಇಲಾಖೆಗೆ ತಿಳಿಸಿ. ಕಾಡಿಗೆ ಹೋಗುವ ಮುಂಚೆ ಅವರು ಕೊಡುವ ಎಣ್ಣೆ ಹಚ್ಚಿಕೊಳ್ಳಿ. ಇಲ್ಲಿ ಹೈಕಿಂಗ್ ಹೋಗಿ ಬಂದ ಮೇಲೆ ನೀವೂ ಮೈ ನೋಡಿಕೊಳ್ಳಿ. ಮಂಗನನ್ನು, ಜಿಂಕೆಯನ್ನು ಬೈಯುವುದು ಆಮೇಲೆ ಇದ್ದೇ ಇದೆ.