ಬೆರಳು ನಿಧಾನ ಮಾಡಿದೆ, ಪಕ್ಷಪಾತ ಮಾಯ!

ಹೋದ ಪೋಸ್ಟ್‌ನಲ್ಲಿ ಹಾಕಿದ್ದ ಸ್ಕ್ರೀನ್‌ಶಾಟ್ ನೆನಪಿದ್ಯಾ? ಚರ್ಮದ ಬಣ್ಣದ ಐಎಟಿ ಟೆಸ್ಟ್, ರಿಸಲ್ಟ್ "ಯಾವ ಕಡೆಗೂ ಒಲವಿಲ್ಲ". ಎಲ್ರೂ ಹಾರ್ಟ್ ಕೊಟ್ರಿ. ಈಗ ನಿಜ ಹೇಳ್ತೀನಿ: ಅದು ನಾನು ಎರಡನೇ ಸಲ ಮಾಡಿದ್ದು. ಮೊದಲ ಸಲ ಬಂದದ್ದು ಬೆಳ್ಳಗಿರೋರ ಕಡೆಗೆ ಒಲವು ಅಂತ. ನಾನೇ ಕಪ್ಪು, ಸ್ಕೂಲಲ್ಲಿ "ಕರಿಯ" ಅನ್ನಿಸಿಕೊಂಡೇ ಬೆಳೆದವನು. ಆ ಸಾಲು ಓದಿ ಹೊಟ್ಟೆ ಹಿಂಡಿದ ಹಾಗಾಯ್ತು. ಮತ್ತೆ ಕೂತೆ, ಮೋಸ ಮಾಡೋಕೇ ಕೂತೆ.

ಆಂಥನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಪರೀಕ್ಷೆ ಇದು. ಮುಂದೆ ಬೆಳೆಸಿದವರಲ್ಲಿ ಸಿಕಂದರಾಬಾದ್‌ನಲ್ಲಿ ಹುಟ್ಟಿದ ಮಹ್ಜರೀನ್ ಬನಾಜಿ ಕೂಡ ಇದ್ದಾರೆ. ಸ್ಕ್ರೀನ್ ಮೇಲೆ ಮುಖ, ಪದ ಬರ್ತಾ ಇರುತ್ತೆ. ಒಂದು ಸುತ್ತಲ್ಲಿ ಬಿಳಿ ಮುಖಕ್ಕೂ ಒಳ್ಳೇ ಪದಕ್ಕೂ ಒಂದೇ ಕೀ, ಇನ್ನೊಂದು ಸುತ್ತಲ್ಲಿ ಕಪ್ಪು ಮುಖಕ್ಕೂ ಒಳ್ಳೇ ಪದಕ್ಕೂ ಒಂದೇ ಕೀ. ಯಾವ ಜೋಡಿಗೆ ಬೆರಳು ಬೇಗ ಓಡುತ್ತೆ ಅನ್ನೋದೇ ಲೆಕ್ಕ, ಅದೂ ಮಿಲಿಸೆಕೆಂಡಲ್ಲಿ.

"ಸುಪ್ತ ಮನಸ್ಸು, ಅದಕ್ಕೆ ಸುಳ್ಳು ಹೇಳೋಕಾಗಲ್ಲ" ಅಂತ ನಾನೂ ನಂಬಿದ್ದೆ. ಆದ್ರೆ ಕಷ್ಟದ ಸುತ್ತಲ್ಲಿ ವೇಗ ಹೆಚ್ಚಿಸೋದು ಕಷ್ಟ, ತಪ್ಪು ಜಾಸ್ತಿ ಆಗುತ್ತೆ. ಸುಲಭದ ಸುತ್ತಲ್ಲಿ ಬೇಕಂತಲೇ ನಿಧಾನ ಮಾಡೋದಕ್ಕೆ ಏನು ಕಷ್ಟ? 2003ರ ಅಂಕ ಲೆಕ್ಕದ ನಿಯಮದಲ್ಲಿ 10 ಸೆಕೆಂಡ್ ದಾಟಿದ ಉತ್ತರ ತೆಗೆದುಹಾಕ್ತಾರೆ, ಶೇ. 10ಕ್ಕಿಂತ ಹೆಚ್ಚು ಉತ್ತರ 300 ಮಿಲಿಸೆಕೆಂಡಿಗಿಂತ ಬೇಗ ಬಂದ್ರೆ ಆ ವ್ಯಕ್ತಿಯನ್ನೇ ಬಿಡ್ತಾರೆ. ಅರ್ಧ ಸೆಕೆಂಡ್ ತಡ ಮಾಡಿದವನು ಈ ಎರಡೂ ಬಲೆಯಿಂದ ಜಾರಿಕೊಳ್ತಾನೆ. ಜರ್ಮನಿಯ ಫೀಡ್ಲರ್ ಮತ್ತು ಬ್ಲೂಮ್ಕೆ 2005ರಲ್ಲೇ ತೋರಿಸಿದ್ರು: ಟೆಸ್ಟಿನ ಸ್ವಲ್ಪ ಅನುಭವ ಇದ್ರೆ ಸಾಕು, ಜನ ತಾವಾಗೇ ತಿರುಚ್ತಾರೆ. ಅನುಮಾನದ ನಿಧಾನವನ್ನ ಅಂಕಿಅಂಶದಿಂದ ಒಂದಷ್ಟು ಹಿಡಿಯಬಹುದು ಅಂತ 2010ರ ಇನ್ನೊಂದು ಅಧ್ಯಯನ ಹೇಳುತ್ತೆ. ಅದು ಸಂಶೋಧಕರ ಕೈಲಿ. ನಮ್ಮ ಮೊಬೈಲ್ ಸ್ಕ್ರೀನ್‌ಶಾಟಲ್ಲಿ ಯಾರು ಹಿಡೀತಾರೆ?

"ಹಾಗಾದ್ರೆ ಟೆಸ್ಟೇ ಬೋಗಸ್" ಅಂತ ಕಾಮೆಂಟ್ ಹಾಕೋರಿಗೆ: ಅಲ್ಲ ಕಣ್ರೋ. ಸಾವಿರಾರು ಜನರ ಸರಾಸರಿ ಒಂದು ಸಮಾಜದ ಬಗ್ಗೆ ಏನೋ ಹೇಳುತ್ತೆ. ಒಬ್ಬನ ಒಂದು ಅಂಕಕ್ಕೆ ಅಷ್ಟು ಭಾರ ಹೊರೋ ಶಕ್ತಿ ಇಲ್ಲ; ಪ್ರಾಮಾಣಿಕವಾಗಿ ಮಾಡಿದ್ರೂ ಇವತ್ತೊಂದು ನಾಳೆಯೊಂದು ಬರುತ್ತೆ.

ಇದೆಲ್ಲ ಯಾಕೆ ಹೇಳ್ತಿದೀನಿ ಅಂದ್ರೆ, ಜೂನಿಯರ್‌ಗಳಿಗೆ ಮೆಂಟರ್ ಆರಿಸೋಕೆ ಇದೇ ಟೆಸ್ಟ್ ಇಡೋಣ ಅಂತ ನಮ್ಮ ಕ್ಲಾಸ್ ಗ್ರೂಪಲ್ಲಿ ಮಾತು ಎದ್ದಿದೆ. "ಇಂಥವರು ಬೇಕು" ಅಂತ ಉದಾಹರಣೆಗೆ ಹಾಕಿದ್ದು ನನ್ನ ಸ್ಕ್ರೀನ್‌ಶಾಟನ್ನೇ! ಹಾಗೆ ಮಾಡಿದ್ರೆ ಆಯ್ಕೆ ಆಗೋನು ಟ್ರಿಕ್ ಗೊತ್ತಿರೋನು, ಅಂದ್ರೆ ನಾನು. ಹೊರಗುಳಿಯೋದು ಫೇರ್‌ನೆಸ್ ಕ್ರೀಮ್ ಜಾಹೀರಾತು ನೋಡ್ತಾ ಬೆಳೆದು, ನೇರವಾಗಿ ಉತ್ತರ ಒತ್ತಿದ ಯಾವುದೋ ಪಾಪದ ಹುಡುಗಿ. ನನ್ನ ಓಟು ಬೇಡ ಅಂತ. ಸೋಮವಾರದ ಮೀಟಿಂಗಲ್ಲೂ ಇದನ್ನೇ ಹೇಳ್ತೀನಿ.

ಹಳೇ ಪೋಸ್ಟ್ ಡಿಲೀಟ್ ಮಾಡಲ್ಲ. ಮೊದಲ ಸಲದ ರಿಸಲ್ಟ್ ಎರಡನೇ ಸ್ಲೈಡಲ್ಲಿದೆ, ಸ್ವೈಪ್ ಮಾಡಿ.